ಕಾರ್ಕಳದ ಹುಡುಗ, ಕೆಮಿಕಲ್ ಟೆಕ್ನಾಲಜಿ ಮತ್ತು ಕಾಮಿಕ್ಸ್ ನಂಬರ್ 11

ಫಸ್ಟ್ ಇಯರ್‌ನಲ್ಲಿ ಡಿಸೈನ್ ಥಿಂಕಿಂಗ್ ಕ್ಲಾಸ್ ಇತ್ತಲ್ಲ, ನೆನಪಿದೆಯಾ? ಊಟ ಆದ ಮೇಲಿನ ಅವರ್, ಅರ್ಧ ಕ್ಲಾಸು ನಿದ್ದೆಯಲ್ಲಿ. ಆವತ್ತು ನಮಗೆ ಒಂದು ಕೆಲಸ ಕೊಟ್ಟರು. ಒಂದು ಸಮಸ್ಯೆ ತಗೊಳ್ಳಿ, ಅದನ್ನು ಆರು ಚೌಕಗಳಲ್ಲಿ ಚಿತ್ರ ಬರೆದು ತೋರಿಸಿ, ಮಾತು ಆದಷ್ಟು ಕಡಿಮೆ ಇರಲಿ ಅಂತ. ಸ್ಟೋರಿಬೋರ್ಡ್ ಅಂದ್ರೆ ಇಷ್ಟೇನಾ ಅಂದ್ಕೊಂಡ್ವಿ. ನಮ್ಮ ಗುಂಪಿನಲ್ಲಿ ಐದು ಜನ. ದಾಂಡೇಲಿ ಪೇಪರ್ ಮಿಲ್ ಕ್ವಾರ್ಟರ್ಸ್‌ನಲ್ಲಿ ಬೆಳೆದವರು ಇಬ್ಬರು, ಜೋಯಿಡಾ ಕಡೆಯವಳು ಒಬ್ಬಳು, ಮುಂಡಗೋಡದವಳು ಒಬ್ಬಳು, ಇಲ್ಲೇ ಹಳಿಯಾಳ ತಾಲೂಕಿನ ಹಳ್ಳಿಯವನು ಒಬ್ಬ. ಕಾಡಿನಲ್ಲಿ ಸಾಗವಾನಿ ಕದಿಯೋರನ್ನು ಹಿಡಿಯೋ ಸೆನ್ಸರ್ ಅಂತ ವಿಷಯ ಇಟ್ಕೊಂಡ್ವಿ. ಒಬ್ಬ ಗಾರ್ಡ್, ಒಬ್ಬ ಕಳ್ಳ, ಒಂದು ಮರ. ಅರ್ಧ ಗಂಟೆ ಸಾಕು ಅಂತ ಕೂತವರು ಮೂರು ದಿನ ಒದ್ದಾಡಿದ್ವಿ.

ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಫ್ರಂಟ್ ವ್ಯೂ, ಟಾಪ್ ವ್ಯೂ ಎಳೆದವರಿಗೆ ಆರು ಚೌಕ ಯಾಕೆ ಕಷ್ಟ ಆಯ್ತು? ಯಾಕಂದ್ರೆ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಏನಾಯ್ತು ಅನ್ನೋದನ್ನ ಓದುವವರೇ ಊಹಿಸ್ಕೋಬೇಕು, ಮತ್ತು ನಾವು ಅಂದುಕೊಂಡದ್ದನ್ನೇ ಊಹಿಸ್ಕೋಬೇಕು. ನಮ್ಮ ಮೂರನೇ ಚೌಕ ನೋಡಿದವರೆಲ್ಲ ಗಾರ್ಡೇ ಮರ ಕಡೀತಿದ್ದಾನೆ ಅಂತ ತಿಳ್ಕೊಂಡರು! ಆಗ ದಾಂಡೇಲಿಯ ಗೆಳತಿ ಶನಿವಾರ ಮನೆಗೆ ಹೋದವಳು ಹಳೇ ಟ್ರಂಕಿನಿಂದ ಒಂದು ಕಟ್ಟು ಅಮರ ಚಿತ್ರಕಥಾ ತಂದಳು. ಎಲ್ಲ ಇಂಗ್ಲಿಷ್. ಅಂಚು ಹಳದಿಯಾಗಿತ್ತು, ಪಿನ್ನು ತುಕ್ಕು ಹಿಡಿದಿತ್ತು. ನೋಡಿ ಕಲಿಯೋಣ ಅಂತ ಹರಡಿಕೊಂಡು ಕೂತ್ವಿ.

ಕೂತಾಗ ಕಣ್ಣಿಗೆ ಬಿದ್ದದ್ದು ಒಂದು ನಂಬರ್. ಈ ಸೀರೀಸಿನ ಮೊದಲ ಪುಸ್ತಕ ಕೃಷ್ಣ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಅದರ ಸಂಖ್ಯೆ 11. ಪ್ರೋಗ್ರಾಮಿಂಗ್ ಓದೋ ನಮಗೆ ಎಣಿಕೆ 0ರಿಂದ ಶುರುವಾಗೋದು ಗೊತ್ತು, ಅಪ್ಪ ಅಮ್ಮಂದಿರಿಗೆ 1ರಿಂದ. 11ರಿಂದ ಯಾರು ಎಣಿಸ್ತಾರೆ? ಮೊದಲ ಹತ್ತು ಎಲ್ಲಿ ಹೋದವು?

ಈ ಪ್ರಶ್ನೆ ಹಿಡ್ಕೊಂಡು ಹೋದಾಗ ಸಿಕ್ಕವರು ಅನಂತ ಪೈ. ನಮ್ಮ ಅಪ್ಪ ಅಮ್ಮಂದಿರ ಬಾಲ್ಯದಲ್ಲಿ ದೇಶಕ್ಕೆಲ್ಲ ಅಂಕಲ್ ಪೈ. ಅವರು ತೀರಿಕೊಂಡಾಗ ನಾವಿನ್ನೂ ಅಂಗನವಾಡಿ ವಯಸ್ಸಿನವರು. ಹಾಗಾಗಿ ನಮಗೆ ಅವರು ಒಂದು ಹೆಸರು ಮಾತ್ರ ಆಗಿದ್ದರು, ಅದೂ ಮುಂಬೈಯವರು ಅಂತಲೇ ತಿಳಿದಿದ್ವಿ.

ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಆಗ ಕಾರ್ಕಳ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಮಾತು ಕೊಂಕಣಿ. ಇದನ್ನು ಓದಿ ನಮ್ಮ ಜೋಯಿಡಾ ಗೆಳತಿ ಸ್ವಲ್ಪ ಜಾಸ್ತಿಯೇ ಖುಷಿಪಟ್ಟಳು, ಅವಳ ಮನೆಯಲ್ಲೂ ಕೊಂಕಣಿ. (ಆ ಕೊಂಕಣಿಗೂ ಈ ಕೊಂಕಣಿಗೂ ಬಹಳ ವ್ಯತ್ಯಾಸ ಅಂತ ಅವಳೇ ಆಮೇಲೆ ಒಪ್ಪಿಕೊಂಡಳು.) ತಂದೆ ವೆಂಕಟರಾಯ, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ಆಗುವಷ್ಟರಲ್ಲಿ ಇಬ್ಬರೂ ತೀರಿಕೊಂಡರು. ಬಂಧುಗಳ ಮನೆಯಲ್ಲಿ ಬೆಳೆದ ಹುಡುಗ ಹನ್ನೆರಡನೇ ವಯಸ್ಸಿನಲ್ಲಿ ಮುಂಬೈಗೆ ಹೋದ. ಮಾಹಿಮ್‌ನ ಓರಿಯಂಟ್ ಸ್ಕೂಲಿಗೆ ಸೇರಿದ. ಘಟ್ಟದ ಕೆಳಗಿನ ಸಣ್ಣ ಊರಿನಿಂದ ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಭಾಷೆಗಳ ನಡುವೆ ಬಿದ್ದರೆ ಹೇಗಿರುತ್ತೆ ಅಂತ ನಮ್ಮಲ್ಲಿ ಹಾಸ್ಟೆಲಿಗೆ ಬಂದವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಆಮೇಲೆ ಅವರು ಓದಿದ್ದು ಏನು ಗೊತ್ತಾ? ಸಾಹಿತ್ಯ ಅಲ್ಲ, ಚಿತ್ರಕಲೆ ಅಲ್ಲ. ಕೆಮಿಸ್ಟ್ರಿ, ಫಿಸಿಕ್ಸ್, ಕೆಮಿಕಲ್ ಟೆಕ್ನಾಲಜಿ. ಮುಂಬೈ ವಿಶ್ವವಿದ್ಯಾಲಯದ ಯುಡಿಸಿಟಿಯಲ್ಲಿ, ಈಗ ಐಸಿಟಿ ಅಂತ ಕರೀತಾರಲ್ಲ, ಅಲ್ಲಿ. ಎರಡು ಡಿಗ್ರಿ ತಗೊಂಡು ಹೊರಬಂದರು. ಸ್ವಾತಂತ್ರ್ಯ ಬಂದ ಹೊಸದು. ಅಂಥ ಡಿಗ್ರಿ ಇದ್ದವರಿಗೆ ಫ್ಯಾಕ್ಟರಿಗಳು ಕಾಯ್ತಾ ಇದ್ದ ಕಾಲ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಪ್ಲೇಸ್‌ಮೆಂಟ್ ಚಿಂತೆ ಇಲ್ಲದ ಬ್ರಾಂಚು. ಅವರು ಆ ಕಡೆ ಹೋಗಲಿಲ್ಲ. ಪುಸ್ತಕ ಮಾಡೋದು ಅವರ ತಲೆಗೆ ಹತ್ತಿತ್ತು. 1954ರಲ್ಲಿ ಮಾನವ್ ಅನ್ನೋ ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ನಡೆಯಲಿಲ್ಲ, ನಿಂತೇ ಹೋಯ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಜೀವನಚರಿತ್ರೆ ಬರೆಯೋರು ಈ ಸೋಲನ್ನು ಒಂದು ಸಾಲಿನಲ್ಲಿ ದಾಟಿಬಿಡ್ತಾರೆ, ಮುಂದೆ ಗೆದ್ದದ್ದು ಗೊತ್ತಲ್ಲ, ಅದಕ್ಕೆ. ಆದ್ರೆ 1954ರಲ್ಲಿ ಅವರಿಗೆ ಇಪ್ಪತ್ತೈದು ವಯಸ್ಸು. ಅಪ್ಪ ಅಮ್ಮ ಇಲ್ಲ. ಕೈಯಲ್ಲಿ ಒಳ್ಳೆ ಡಿಗ್ರಿ, ಮುಂದೆ ಮುಚ್ಚಿಹೋದ ಪತ್ರಿಕೆ. ಅಮರ ಚಿತ್ರಕಥಾ ಬರೋದಕ್ಕೆ ಇನ್ನೂ ಹದಿಮೂರು ವರ್ಷ ಇತ್ತು. ಹದಿಮೂರು ವರ್ಷ ಅಂದ್ರೆ ನಾವು ಒಂದನೇ ಕ್ಲಾಸಿನಿಂದ ಇಂಜಿನಿಯರಿಂಗ್ ಸೇರೋತನಕ ತಗೊಂಡದ್ದಕ್ಕಿಂತ ಒಂದು ವರ್ಷ ಜಾಸ್ತಿ.

ಆ ನಡುವಿನ ಕಾಲದಲ್ಲಿ ಅವರು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಕೆಳಹಂತದ ಅಧಿಕಾರಿಯಾಗಿ ಸೇರಿದರು. 1964ರ ಮಾರ್ಚಿನಲ್ಲಿ ಆ ಸಂಸ್ಥೆ ಇಂದ್ರಜಾಲ್ ಕಾಮಿಕ್ಸ್ ಹೊರತಂದಿತು. ಲೀ ಫಾಕ್ ಅನ್ನೋ ಅಮೆರಿಕನ್ನರ ಫ್ಯಾಂಟಮ್ ಕಥೆಗಳು. ಪೈ ಆ ಕೆಲಸದಲ್ಲಿದ್ದರು, ಕಾಮಿಕ್ಸ್‌ನ ಕಸುಬು ಅವರ ಕೈಗೆ ಬಂದದ್ದು ಅಲ್ಲಿಯೇ. ಹೊರಗಿನ ಕಥೆಯನ್ನು ಇಲ್ಲಿಗೆ ತರುವಾಗ ಏನೇನು ಬದಲಾಯಿಸಬೇಕು ನೋಡಿ. ಫ್ಯಾಂಟಮ್ ಇರೋ ಕಾಡಿನ ಹೆಸರು ಬಂಗಾಳ ಅಂತ ಕೇಳಿಸುವ ಹಾಗಿತ್ತು. ಇಂದ್ರಜಾಲದಲ್ಲಿ ಅದು ಡೆಂಕಾಲಿ ಆಯ್ತು. ಕಡಲ್ಗಳ್ಳರ ಗುಂಪಿಗೆ ಸಿಂಗ್ ಅಂತ ಇದ್ದದ್ದು ಸಿಂಗಾ ಆಯ್ತು. ಒಂದು ಹೆಸರು, ಒಂದು ಅಕ್ಷರ ಓದುಗರಲ್ಲಿ ಯಾರಿಗೋ ಚುಚ್ಚಬಹುದು ಅನ್ನೋ ಎಚ್ಚರ ಅಲ್ಲಿ ಇತ್ತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1967ರ ಫೆಬ್ರವರಿಯ ಕಥೆ ಬಹಳ ಪ್ರಸಿದ್ಧ. ಆಗ ದೂರದರ್ಶನ ಇದ್ದದ್ದು ದೆಹಲಿಯಲ್ಲಿ ಮಾತ್ರ, ಮುಂಬೈಗೆ ಅದು ಬಂದದ್ದು 1972ರಲ್ಲಿ. ಪೈ ದೆಹಲಿಗೆ ಹೋಗಿದ್ದಾಗ ಒಂದು ಅಂಗಡಿಯ ಮುಂದೆ ನಿಂತು ಟಿವಿ ನೋಡಿದರು. ಕ್ವಿಜ್ ನಡೀತಾ ಇತ್ತು. ಕಾಲೇಜು ಹುಡುಗರು ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟರು, ರಾಮನ ತಾಯಿ ಯಾರು ಅಂದಾಗ ಸುಮ್ಮನಾದರು. ಅದು ಪೈ ಅವರಿಗೆ ತಾಗಿತು. ನಮ್ಮ ಕಥೆಗಳನ್ನು ಕಾಮಿಕ್ಸ್ ಮಾಡಬೇಕು ಅಂತ ಅಲ್ಲೇ ನಿರ್ಧಾರ ಆಯ್ತು ಅಂತ ಹೇಳ್ತಾರೆ. ಕೆಲವು ಪ್ರಕಾಶಕರು ಒಪ್ಪಲಿಲ್ಲ. ಕೊನೆಗೆ ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮೀರ್‌ಚಂದಾನಿ ಒಪ್ಪಿದರು. ಪೈ ಟೈಮ್ಸ್ ಕೆಲಸ ಬಿಟ್ಟರು. ಅಮರ ಚಿತ್ರಕಥಾ ಹುಟ್ಟಿತು. ಸಾಮಾನ್ಯವಾಗಿ ಕಥೆ ಹೀಗೆ ಮುಗಿಯುತ್ತೆ.

ಆದ್ರೆ ನಮ್ಮ 11ರ ಲೆಕ್ಕ ಇದರಲ್ಲಿ ಸರಿಹೋಗಲಿಲ್ಲ.

ಲೆಕ್ಕ ಸರಿಹೋದದ್ದು ಬೆಂಗಳೂರಿನಲ್ಲಿ. 1965ರಲ್ಲಿ, ಅಂದ್ರೆ ಆ ಕ್ವಿಜ್‌ಗೆ ಎರಡು ವರ್ಷ ಮುಂಚೆ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ. ಕೆ. ಅನಂತರಾಮ್ ಅವರು ಕಾಮಿಕ್ಸನ್ನು ಕನ್ನಡದಲ್ಲಿ ತರೋಣ ಅಂತ ಹೊರಟರು. ವಿದೇಶಿ ಮಕ್ಕಳ ಕಥೆಗಳ ಚಿತ್ರಪುಸ್ತಕ ಇಂಗ್ಲಿಷಿನಲ್ಲಿ ಇದ್ದವು. ಸಿಂಡರೆಲ್ಲಾ, ಜ್ಯಾಕ್ ಮತ್ತು ಹುರುಳಿ ಬಳ್ಳಿ, ಅಲ್ಲಾದೀನ್, ಇಂಥವು. ಚಿತ್ರ ಅದೇ, ಮಾತು ಕನ್ನಡ. ಹತ್ತು ಪುಸ್ತಕ ಬಂದವು. ಆ ಹತ್ತರ ಮೇಲಿದ್ದ ಹೆಸರೇ ಅಮರ ಚಿತ್ರಕಥಾ. ಅವು ಚೆನ್ನಾಗಿ ಮಾರಾಟವಾದವು. ಅದನ್ನು ನೋಡಿಯೇ ಮುಂಬೈಯ ಮುಖ್ಯ ಕಚೇರಿಗೆ ಈ ದಾರಿಯಲ್ಲಿ ಹೋಗುವ ಧೈರ್ಯ ಬಂತು, ಅನಂತ ಪೈ ಅವರ ಕೈಗೆ ಸೀರೀಸ್ ಬಂತು. ಹಾಗಾಗಿ ಇಂಗ್ಲಿಷ್ ಎಣಿಕೆ ಶುರುವಾದದ್ದು 11ರಿಂದ. ಮೊದಲ ಹತ್ತು ಕನ್ನಡದವು.

ಇದು ಗೊತ್ತಾದ ದಿನ ನಾವು ಐದೂ ಜನ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾವೆಲ್ಲ ಇಂಗ್ಲಿಷ್ ಮೀಡಿಯಮ್‌ನವರು. ಕನ್ನಡ ಓದ್ತೀವಿ, ಆದ್ರೆ ಬಸ್ ಬೋರ್ಡ್ ಓದೋ ಸ್ಪೀಡಿನಲ್ಲಿ. ಪರೀಕ್ಷೆಗೆ ಬಿಟ್ಟರೆ ಒಂದು ಕನ್ನಡ ಪುಸ್ತಕ ಮೊದಲಿನಿಂದ ಕೊನೆತನಕ ಓದಿದವರು ನಮ್ಮಲ್ಲಿ ಒಬ್ಬಳೇ. ಕೌಸಲ್ಯೆ ನಮಗೆ ಗೊತ್ತು, ಆದ್ರೆ ಗೊತ್ತಾದದ್ದು ಇಂಗ್ಲಿಷಿನಲ್ಲಿ, ಅದೂ ಇಂಥದೇ ಪುಸ್ತಕಗಳಿಂದ. ಪೈ ಟಿವಿಯಲ್ಲಿ ನೋಡಿದ ಆ ಹುಡುಗರನ್ನು ನೋಡಿ ನಗೋಣ ಅಂದ್ರೆ ನಾವೂ ಅದೇ ಬೆಂಚಿನಲ್ಲಿ ಕೂತಿದ್ದೀವಿ, ಪ್ರಶ್ನೆ ಮಾತ್ರ ಬೇರೆ. ಯಾವ ಪುಸ್ತಕವನ್ನು ಇಡೀ ದೇಶ ಇಂಗ್ಲಿಷಿನದು ಅಂದ್ಕೊಂಡಿದೆಯೋ ಅದು ಕನ್ನಡದಲ್ಲಿ ಹುಟ್ಟಿತ್ತು. ಕನ್ನಡದವರಾದ ನಮಗೆ ಅದು ಗೊತ್ತಿರ್ಲಿಲ್ಲ.

ಇದರಿಂದ ಪೈ ಅವರ ಪಾಲು ಕಡಿಮೆಯಾಯ್ತು ಅಂತ ನಮಗೆ ಅನ್ನಿಸಲಿಲ್ಲ. ಬೆಂಗಳೂರಿನ ಹತ್ತು ಪುಸ್ತಕಗಳಲ್ಲಿ ಚಿತ್ರ ಹೊರಗಿನದು, ಕಥೆ ಹೊರಗಿನದು. ರಾಮಾಯಣ, ಭಾಗವತ, ಜಾತಕ ಕಥೆ, ಪಂಚತಂತ್ರ, ಚರಿತ್ರೆಗಳನ್ನು ಮೊದಲಿನಿಂದ ಚೌಕಗಳಿಗೆ ಇಳಿಸೋದು ಬೇರೆಯದೇ ಕೆಲಸ. ಹಾಗಂತ ಚಿತ್ರದಲ್ಲಿ ಕಥೆ ಹೇಳೋದು ನಮ್ಮಲ್ಲಿ ಹೊಸದಲ್ಲ. ಹಳೇಬೀಡಿನ ಗೋಡೆಯಲ್ಲಿ ಮಹಾಭಾರತ ಸಾಲಾಗಿ ಕೆತ್ತಿದ್ದಾರೆ, ಕಿಳ್ಳೆಕ್ಯಾತರು ತೊಗಲುಗೊಂಬೆಯಲ್ಲಿ ಅದನ್ನೇ ಆಡಿಸಿದ್ದಾರೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದರೆ ಥಂಕಾ ಚಿತ್ರದ ಒಂದೇ ಬಟ್ಟೆಯ ಮೇಲೆ ಬುದ್ಧನ ಬದುಕಿನ ಬೇರೆ ಬೇರೆ ಘಟನೆ ಕಾಣ್ತವೆ. ಆದ್ರೆ ಅವುಗಳ ಮುಂದೆ ನಿಂತು ಕಥೆ ಬಿಡಿಸಿ ಹೇಳೋರು ಒಬ್ಬರು ಬೇಕು. ಕಾಮಿಕ್ಸ್‌ನಲ್ಲಿ ಆ ಹೇಳೋರು ಇರಲ್ಲ. ಮಗು ಒಂದೇ ಕೂತು ಓದ್ಕೋಬೇಕು.

ಅದನ್ನು ಪೈ ಹೇಗೆ ಮಾಡಿದರು ಅನ್ನೋದೇ ಇಂಜಿನಿಯರಿಂಗ್ ಓದೋರಿಗೆ ಮಜಾ ಕೊಡೋ ಭಾಗ. ಒಂದು ಪುಸ್ತಕಕ್ಕೆ 32 ಪುಟ. ದೊಡ್ಡ ಹಾಳೆಯನ್ನು ಮಡಚುತ್ತಾ ಹೋದರೆ 8, 16, 32 ಅಂತಲೇ ಪುಟ ಬರೋದು, 35 ಪುಟ ಬೇಕು ಅಂದ್ರೆ ಕಾಗದ ದಂಡ. ಮಿಲ್ ಕ್ವಾರ್ಟರ್ಸ್‌ನ ಗೆಳತಿಯರಿಗೆ ಕಾಗದದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು, ಅವರೇ ಹಾಳೆ ಮಡಚಿ ತೋರಿಸಿದರು. ಕಥೆ ಎಷ್ಟೇ ದೊಡ್ಡದಿರಲಿ ಅಷ್ಟರಲ್ಲೇ ಮುಗೀಬೇಕು. ಹಾಗಾಗಿ ಯಾವುದನ್ನು ಬಿಡಬೇಕು ಅನ್ನೋದೇ ಬರವಣಿಗೆ. (ಮಹಾಭಾರತವನ್ನು ಮಾತ್ರ ಮುಂದೆ 42 ಸಂಚಿಕೆಗಳ ಸಾಲಾಗಿ ತಂದರು. ಅದು 32 ಪುಟಕ್ಕೆ ಬಗ್ಗೋ ಪೈಕಿ ಅಲ್ಲ.) ಮೊದಮೊದಲು ಬಣ್ಣವೂ ಪೂರ್ತಿ ಇರಲಿಲ್ಲ, ಹಳದಿ, ನೀಲಿ, ಹಸಿರು ಇಷ್ಟರಲ್ಲೇ ಸಂಭಾಳಿಸಬೇಕಿತ್ತು. ಪೂರ್ತಿ ಬಣ್ಣ ಬಂದದ್ದು ಆಮೇಲೆ.

ಕೃಷ್ಣ ಪುಸ್ತಕದ ಚಿತ್ರ ರಾಮ್ ವಾಯೀರ್ಕರ್ ಅವರದು. ಮೊದಲಿನ ಪುಸ್ತಕಗಳನ್ನು ಪೈ ತಾವೇ ಬರೆದರು, ಆಮೇಲೆ ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫೆರ್ನಾಂಡಿಸ್ ಹೀಗೆ ತಂಡ ಬೆಳೆಯಿತು. ಪ್ರತಾಪ್ ಮುಳಿಕ್, ದಿಲೀಪ್ ಕದಂ ಮುಂತಾದವರು ಚಿತ್ರ ಬರೆದರು. ಮೊದಲು ಸ್ಕ್ರಿಪ್ಟ್. ಒಂದೊಂದು ಚೌಕದಲ್ಲೂ ಯಾರಿದ್ದಾರೆ, ಏನು ಮಾಡ್ತಿದ್ದಾರೆ, ಏನು ಮಾತು ಅಂತ ಬರೆದು ಕೊಡೋದು. ಆಮೇಲೆ ಪೆನ್ಸಿಲ್, ಅದರ ಮೇಲೆ ಇಂಕ್, ಅಕ್ಷರ, ಬಣ್ಣ. ನಾವು ಸ್ಟೋರಿಬೋರ್ಡಿನಲ್ಲಿ ಮಾಡಿದ ತಪ್ಪು ಇಲ್ಲಿ ಅರ್ಥ ಆಯ್ತು. ನಾವು ಸ್ಕ್ರಿಪ್ಟೇ ಬರೀದೆ ನೇರ ಪೆನ್ಸಿಲ್ ಹಿಡಿದಿದ್ವಿ. ಕೋಡ್ ಬರೆಯೋಕೆ ಮುಂಚೆ ಫ್ಲೋಚಾರ್ಟ್ ಹಾಕಿ ಅಂತ ಲ್ಯಾಬಿನಲ್ಲಿ ಬೈಸಿಕೊಂಡದ್ದು ಎಷ್ಟು ಸಲ!

ಕೃಷ್ಣನ ಪುಸ್ತಕದಲ್ಲೇ ಇನ್ನೊಂದು ಸಂಗತಿ ಇದೆ. ಕೆಮಿಸ್ಟ್ರಿ, ಫಿಸಿಕ್ಸ್ ಓದಿದ ಪೈ ಅವರಿಗೆ ಪವಾಡಗಳನ್ನು ಚಿತ್ರದಲ್ಲಿ ತೋರಿಸೋದಕ್ಕೆ ಆಗ ಹಿಂಜರಿಕೆ ಇತ್ತು. ಕೃಷ್ಣ ಗೋವರ್ಧನ ಬೆಟ್ಟ ಎತ್ತುವ ದೃಶ್ಯವನ್ನು ಮೊದಲ ಸಲ ಅವರು ಬಿಟ್ಟೇಬಿಟ್ಟರು. ಮುಂದೆ ಅವರ ಮನಸ್ಸು ಬದಲಾಯಿತು, 1980ರ ಹೊತ್ತಿಗೆ ಬಂದ ಹೊಸ ಆವೃತ್ತಿಯಲ್ಲಿ ಬೆಟ್ಟ ಬೆರಳಿನ ಮೇಲೆ ಬಂತು. ಯಾವುದು ಸರಿ ಅಂತ ನಮ್ಮ ಗುಂಪಿನಲ್ಲಿ ಒಂದು ಸಂಜೆ ಪೂರ್ತಿ ಜಗಳ ಆಯ್ತು. ಬೆಟ್ಟ ಎತ್ತದ ಕೃಷ್ಣ ಎಂಥ ಕೃಷ್ಣ ಅಂತ ಮೂವರು. ಮೊದಲಿನದೇ ಗಟ್ಟಿತನ ಅಂತ ಇಬ್ಬರು. ಮೆಸ್ ಮುಚ್ಚೋ ಹೊತ್ತಾಯ್ತು ಅಂತ ಎದ್ವಿ, ತೀರ್ಮಾನ ಆಗ್ಲಿಲ್ಲ.

ಶುರುವಿನ ವರ್ಷಗಳಲ್ಲಿ ಮಾರಾಟ ಕುಂಟುತ್ತಾ ಇತ್ತು. ಕಾಮಿಕ್ಸ್ ಅಂದ್ರೆ ಮಕ್ಕಳು ಹಾಳಾಗೋ ವಸ್ತು ಅಂತ ಶಾಲೆಗಳು, ಮನೆಗಳು ತಿಳ್ಕೊಂಡಿದ್ದವು. ಪೈ ಶಾಲೆಗಳಿಗೆ ಹೋದರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಅಂತ ಒಂದು ವಿಚಾರ ಸಂಕಿರಣವೇ ನಡೆಯಿತು. ಕಾಮಿಕ್ಸ್ ಪಾಠದ ವಸ್ತು ಆಗಬಹುದು ಅಂತ ಮೇಷ್ಟ್ರುಗಳನ್ನು ಒಪ್ಪಿಸೋ ಕೆಲಸ ಅದು. ಆ ಕಾಲಕ್ಕೆ ನ್ಯೂಯಾರ್ಕಿನಲ್ಲಿ ವಿಲ್ ಐಸ್ನರ್ ಅನ್ನೋ ಚಿತ್ರಕಾರರು ಸ್ಕೂಲ್ ಆಫ್ ವಿಷುವಲ್ ಆರ್ಟ್ಸ್‌ನಲ್ಲಿ ಕಾಮಿಕ್ಸ್ ಪಾಠ ಮಾಡ್ತಾ ಇದ್ದರು. ಅಮೆರಿಕದ ಸೈನ್ಯಕ್ಕೆ ಯಂತ್ರಗಳನ್ನು ಹೇಗೆ ನೋಡ್ಕೋಬೇಕು ಅಂತ ಕಾಮಿಕ್ಸ್‌ನಲ್ಲಿ ಕಲಿಸಿದವರೂ ಅವರೇ. ನಮ್ಮ ವರ್ಕ್‌ಶಾಪ್ ಮ್ಯಾನ್ಯುಯಲ್ ಹಾಗಿದ್ದಿದ್ರೆ ಲೇತ್ ಮುಂದೆ ಅಷ್ಟು ಹೆದರ್ತಿರ್ಲಿಲ್ಲ.

ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ವರ್ಷಕ್ಕೆ ಸುಮಾರು 50 ಲಕ್ಷ ಪ್ರತಿ ಹೋಗ್ತಾ ಇದ್ದವು. ಮುಂದೆ 20 ಭಾಷೆಗಳು, 400ಕ್ಕೂ ಹೆಚ್ಚು ಪುಸ್ತಕಗಳು ಆದವು. ಕೃಷ್ಣದೇವರಾಯ, ತೆನಾಲಿ ರಾಮ, ಟಿಪ್ಪು ಸುಲ್ತಾನ್ ಬಂದರು, ಬಾಬಾಸಾಹೇಬ್ ಅಂಬೇಡ್ಕರ್ ಬಂದರು. 1980ರಲ್ಲಿ ಟಿಂಕಲ್ ಶುರುವಾಯ್ತು. ಸುಪ್ಪಂಡಿ, ಶಿಕಾರಿ ಶಂಭು, ಕಾಲಿಯಾ ಕಾಗೆ, ಸೈನ್ಸ್ ಕಲಿಸೋ ಅನು ಕ್ಲಬ್. ಸುಪ್ಪಂಡಿ ಒಬ್ಬ ಓದುಗರು ತಿರುಚ್ಚಿಯಿಂದ ಕಳಿಸಿದ ಕಥೆಗಳಿಂದ ಹುಟ್ಟಿದವನು. ಮಕ್ಕಳು ಬರೆದ ಪತ್ರಗಳಿಗೆ ಪೈ ಉತ್ತರ ಬರೀತಿದ್ದರು, ಅಂಕಲ್ ಪೈ ಅಂತಲೇ ಸಹಿ. ಅವರಿಗೂ ಪತ್ನಿ ಲಲಿತಾ ಅವರಿಗೂ ಸ್ವಂತ ಮಕ್ಕಳಿರಲಿಲ್ಲ.

ಇಷ್ಟೇ ಬರೆದು ನಿಲ್ಲಿಸಿದ್ದಿದ್ರೆ ಸುಲಭ ಇತ್ತು. ಆದ್ರೆ ನಮ್ಮ ಸ್ಟೋರಿಬೋರ್ಡಿನ ಬಣ್ಣದ ವಿಷಯ ಹೇಳಲೇಬೇಕು.

ಸಲ್ಲಿಸೋ ಹಿಂದಿನ ರಾತ್ರಿ ಚೌಕಗಳಿಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದ್ವಿ. ಗಾರ್ಡ್‌ಗೆ ತಿಳಿ ಗುಲಾಬಿ ಬಣ್ಣದ ಮುಖ. ಕಳ್ಳನಿಗೆ ಕಡು ಕಂದು, ದಪ್ಪ ತುಟಿ, ಗುಂಗುರು ಕೂದಲು. ಯಾರೂ ಹಾಗೆ ಮಾಡೋಣ ಅಂತ ಹೇಳಿರ್ಲಿಲ್ಲ. ಕೈ ತಾನಾಗಿ ಆ ಪೆನ್ನು ಎತ್ತಿಕೊಂಡಿತ್ತು. ನಮ್ಮ ಐದು ಜನರಲ್ಲಿ ಹಳಿಯಾಳ ತಾಲೂಕಿನ ಹಳ್ಳಿಯವನು ಅಂದ್ವಲ್ಲ, ಅವನು ಸಿದ್ದಿ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರ ಕಡೆಯ ಕಾಡಿನಂಚಿನ ಹಳ್ಳಿಗಳಲ್ಲಿ ಅವನ ಜನ ತಲೆತಲಾಂತರದಿಂದ ಇದ್ದಾರೆ, ಹಿಂದಿನವರು ಆಫ್ರಿಕಾದಿಂದ ಬಂದವರು. ಅವನು ಚಿತ್ರ ನೋಡಿದ. ಸಿಟ್ಟು ಮಾಡ್ಲಿಲ್ಲ. ಕಳ್ಳನಿಗೆ ಯಾಕೆ ನನ್ನ ಮುಖ ಹಾಕಿದ್ರಿ ಅಂತ ಕೇಳಿದ, ಅಷ್ಟೇ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೀಲಿಲ್ಲ. ಸುಮಾರು ಹೊತ್ತಾದ ಮೇಲೆ ಒಬ್ಬಳು ಸುಮ್ಮನೆ ಆ ಟ್ರಂಕಿನ ಪುಸ್ತಕಗಳನ್ನು ಮತ್ತೆ ಬಿಡಿಸಿ ಇಟ್ಟಳು.

ಉತ್ತರ ಅಲ್ಲಿ ಪುಟ ಪುಟದಲ್ಲೂ ಇತ್ತು. ರಾಜಕುಮಾರ, ಋಷಿ, ನಾಯಕಿ ಎಲ್ಲ ತಿಳಿ ಬಣ್ಣ. ರಾಕ್ಷಸ, ಬೇಡ, ಕೊಲೆಗಾರ ಬಂದ ಕೂಡಲೇ ಕಡು ಕಂದು, ಉಬ್ಬಿದ ಮೈ, ಕೆದರಿದ ಕೂದಲು. ಕೃಷ್ಣ ನೀಲಿ, ಅದೊಂದು ಬಿಟ್ಟರೆ. ಇದನ್ನು ಮೊದಲು ಗಮನಿಸಿದವರು ನಾವಲ್ಲ. ಅಮರ ಚಿತ್ರಕಥಾ ಮೇಲೆ ಸಂಶೋಧನೆ ಮಾಡಿದ ನಂದಿನಿ ಚಂದ್ರ, ಕಾರ್ಲಿನ್ ಮೆಕ್ಲೇನ್ ಅಂಥವರ ಪುಸ್ತಕಗಳೇ ಇವೆ. ಮೈಬಣ್ಣ, ಹೆಂಗಸರ ಚಿತ್ರಣ, ಯಾರ ಕಥೆ ಬಂತು ಯಾರದ್ದು ಬರಲಿಲ್ಲ ಅಂತ ಗಂಭೀರವಾದ ಟೀಕೆಗಳು ಇವೆ. ಕ್ಯಾಲೆಂಡರ್ ಚಿತ್ರ, ಸಿನಿಮಾ, ನಾಟಕದ ಮೇಕಪ್ಪು ಎಲ್ಲದರಲ್ಲೂ ಆಗ ಹಾಗೇ ಇತ್ತು, ಪೈ ಒಬ್ಬರದೇ ತಪ್ಪಲ್ಲ ಅಂತ ನಮ್ಮಲ್ಲಿ ಒಬ್ಬರು ವಾದ ಮಾಡಿದರು. ಇರಬಹುದು. ಆದ್ರೆ ಡೆಂಕಾಲಿ ನೆನಪಿಸ್ಕೊಳ್ಳಿ. ಒಂದು ಊರಿನ ಹೆಸರು ಯಾರಿಗಾದರೂ ಚುಚ್ಚೀತು ಅಂತ ಬದಲಾಯಿಸೋ ಮನೆಯಲ್ಲಿ ಕಸುಬು ಕಲಿತವರು ಅವರು. ಬಣ್ಣದ ವಿಷಯದಲ್ಲಿ ಆ ಎಚ್ಚರ ಕೆಲಸ ಮಾಡಲಿಲ್ಲ. ಅವರ ಪುಸ್ತಕ ಲಕ್ಷಗಟ್ಟಲೆ ಮನೆಗೆ ಹೋಯ್ತು, ಮನೆಯ ಜೊತೆ ಬಣ್ಣವೂ ಹೋಯ್ತು, ನಮ್ಮ ಕೈಗೂ ಬಂತು. ರಾಮನ ತಾಯಿಯ ಹೆಸರು ಎಲ್ಲಿಂದ ಕಲಿತ್ವೋ ಕಳ್ಳನ ಬಣ್ಣವನ್ನೂ ಅಲ್ಲಿಂದಲೇ ಕಲಿತ್ವಿ.

ಆ ರಾತ್ರಿ ಆರೂ ಚೌಕ ಹರಿದು ಹೊಸದಾಗಿ ಬರೆದ್ವಿ. ಈ ಸಲ ಮೊದಲು ಸ್ಕ್ರಿಪ್ಟ್. ಗಾರ್ಡ್‌ನ ಮುಖ ನಮ್ಮ ಗೆಳೆಯನ ಮುಖ ಅಂತ ಅವನೇ ಹಟ ಮಾಡಿ ಕೂತು ಬರೆಸಿಕೊಂಡ, ಕಿವಿ ಮಾತ್ರ ಚಿಕ್ಕದು ಮಾಡಿಸಿದ. ಮಾರ್ಕ್ಸ್ ಸಾಧಾರಣ ಬಂತು.

ಅನಂತ ಪೈ ಅವರ ಕೊನೆಯ ದಿನಗಳಿಗೆ ಬರೋಣ. 2007ರಲ್ಲಿ ಅಮರ ಚಿತ್ರಕಥಾ ಮತ್ತು ಟಿಂಕಲ್ ಹೊಸ ಕಂಪನಿಯ ಕೈಗೆ ಹೋದವು. 2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆದಾಗ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ನಲವತ್ತನಾಲ್ಕು ವರ್ಷದ ಹಿಂದೆ ಅದೇ ದೆಹಲಿಯ ಬೀದಿಯಲ್ಲಿ ನಿಂತು ಟಿವಿ ನೋಡಿದ್ದರು, ಅದೂ ಫೆಬ್ರವರಿಯೇ. ಐದು ದಿನದ ನಂತರ, ಫೆಬ್ರವರಿ 24ರಂದು ಮುಂಬೈಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎಂಬತ್ತೊಂದು ವರ್ಷ ಆಗಿತ್ತು. ಆ ವರ್ಷದ ಸೆಪ್ಟೆಂಬರ್ 17ಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು, ಕಾಮಿಕ್ಸ್ ಚೌಕಗಳ ರೂಪದಲ್ಲಿ.

ಈಗ ನಮ್ಮ ಕಥೆ. ಸ್ಟೋರಿಬೋರ್ಡನ್ನು ಎಂಟು ಪುಟದ ಕಾಮಿಕ್ಸ್ ಮಾಡಿ ರಾಜ್ಯೋತ್ಸವದ ಸಂಚಿಕೆಗೆ ಕೊಡ್ತೀವಿ ಅಂತ ಕನ್ನಡ ಬಳಗಕ್ಕೆ ಮಾತು ಕೊಟ್ಟಿದ್ದೀವಿ, ಪೂರ್ತಿ ಕನ್ನಡದಲ್ಲಿ. ಮೂರು ಪುಟ ಆಗಿದೆ. ಕಷ್ಟ ಬಂದಿರೋದು ಮಾತಿನ ಗುಳ್ಳೆಗಳಲ್ಲಿ. ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರ ಹಾಕಿದ್ರೆ ಸಾಲು ನೇರ ಕೂರುತ್ತೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ, ಸಾಲುಗಳ ನಡುವೆ ಜಾಗ ಬಿಡದಿದ್ರೆ ಒಂದಕ್ಕೊಂದು ತಾಗುತ್ತೆ. ಪದಗಳೂ ಉದ್ದ. ಗುಳ್ಳೆ ದೊಡ್ಡದು ಮಾಡಿದ್ರೆ ಗಾರ್ಡ್‌ನ ತಲೆ ಮುಚ್ಚಿಹೋಗುತ್ತೆ. 1965ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಗುಳ್ಳೆಗಳ ಒಳಗೆ ಕನ್ನಡ ತುಂಬಿದವರು ಇದನ್ನು ಹೇಗೆ ಮಾಡಿದರು ಅಂತ ನೋಡೋ ಆಸೆ. ಆ ಹತ್ತರಲ್ಲಿ ಒಂದನ್ನೂ ನಾವು ಕಣ್ಣಿಂದ ನೋಡಿಲ್ಲ. ನಿಮ್ಮ ಅಜ್ಜನ ಮನೆಯ ಅಟ್ಟದ ಮೇಲೋ, ಮಿಲ್ ಕ್ವಾರ್ಟರ್ಸ್‌ನ ಯಾವುದಾದರೂ ಟ್ರಂಕಿನಲ್ಲೋ ಕನ್ನಡದ ಹಳೇ ಸಿಂಡರೆಲ್ಲಾ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬಳಗದ ಯಾರ ಕೈಗಾದರೂ ಕೊಡಿ, ಫೋಟೋ ತೆಗೆದು ಹುಷಾರಾಗಿ ವಾಪಸ್ ಕೊಡ್ತೀವಿ.